ಇನ್ಯುಯೆಂಡೋ: ಸನ್ನೆಯಿಂದ ಆರೋಪದವರೆಗೆ ಒಂದು ಪದದ ಚರಿತ್ರೆ

ಒಂದು ಪದದ ಚರಿತ್ರೆಯನ್ನು ಅರಿಯಲು ನಿಘಂಟು ಮೊದಲ ಆಕರವಾದರೂ ಅದೊಂದೇ ಆಕರವಲ್ಲ. ಧಾತು, ಪ್ರತ್ಯಯ, ಮೊದಲ ಬಳಕೆಯ ಕಾಲ ಇವುಗಳನ್ನು ನಿಘಂಟು ತಿಳಿಸುತ್ತದೆ. ಆದರೆ ಆ ಪದ ಯಾರ ಕೈಯಲ್ಲಿತ್ತು, ಯಾವ ಕೆಲಸಕ್ಕೆ ಒದಗುತ್ತಿತ್ತು, ಅದರ ಬಳಕೆಯಿಂದ ಯಾರಿಗೆ ಲಾಭ ಅಥವಾ ಹಾನಿಯಾಗುತ್ತಿತ್ತು ಎಂಬುದನ್ನು ತಿಳಿಯಬೇಕಾದರೆ ಆ ಪದ ಬಾಳಿದ ಸಂಸ್ಥೆಗಳ ಚರಿತ್ರೆಯನ್ನು ನೋಡಬೇಕಾಗುತ್ತದೆ. ಇಂಗ್ಲಿಷಿನ ‘ಇನ್ಯುಯೆಂಡೋ’ ಎಂಬ ಪದ ಇದಕ್ಕೆ ಉತ್ತಮ ನಿದರ್ಶನವಾಗಿದೆ.

ಇಂದಿನ ಬಳಕೆಯಲ್ಲಿ ಈ ಪದಕ್ಕೆ, ನೇರವಾಗಿ ಹೇಳದೆ, ಕೇಳುವವರ ಮನಸ್ಸಿನಲ್ಲಿ ಒಬ್ಬರ ಬಗೆಗೆ ಹೀನವಾದ ಭಾವನೆ ಮೂಡುವಂತೆ ಆಡುವ ಪರೋಕ್ಷ ಸೂಚನೆ ಎಂಬ ಅರ್ಥವಿದೆ. ಅಶ್ಲೀಲಾರ್ಥವನ್ನು ಒಳಗಿರಿಸಿಕೊಂಡ ದ್ವಂದ್ವಾರ್ಥದ ಮಾತಿಗೂ ಇದೇ ಪದ ಸಲ್ಲುತ್ತದೆ. ಕನ್ನಡದಲ್ಲಿ ಸಂದರ್ಭಕ್ಕೆ ತಕ್ಕಂತೆ ಕೊಂಕುನುಡಿ, ಚುಚ್ಚುಮಾತು, ಕಟಕಿ, ವಕ್ರೋಕ್ತಿ, ವ್ಯಂಗ್ಯ ಮೊದಲಾದ ಪದಗಳಿಂದ ಇದರ ಅರ್ಥವನ್ನು ಹೇಳಬಹುದು. ಆದರೆ ಇವುಗಳಲ್ಲಿ ಯಾವುದೂ ಇದಕ್ಕೆ ಸಂಪೂರ್ಣ ಸಮಾನವಾಗುವುದಿಲ್ಲ. ಇವೆಲ್ಲವೂ ಮಾತನಾಡಿದವನ ರೀತಿಯನ್ನು ಹೆಸರಿಸುವ ಪದಗಳು. ‘ಇನ್ಯುಯೆಂಡೋ’ ಎಂಬುದಾದರೋ ಮೂಲತಃ ಮಾತನಾಡಿದವನಿಗೆ ಸಂಬಂಧಿಸಿದ ಪದವೇ ಅಲ್ಲ. ಆಡಿದ ಮಾತಿನ ಅರ್ಥ ಇಂಥದು ಎಂದು ನ್ಯಾಯಾಲಯದ ಮುಂದೆ ಬಿಡಿಸಿ ಬರೆಯುವ ಫಿರ್ಯಾದಿಯ ಟಿಪ್ಪಣಿಗೆ ಅದು ಹೆಸರಾಗಿತ್ತು. ವ್ಯಾಖ್ಯಾನಕಾರನ ಪದವು ಕಾಲಾನುಕ್ರಮದಲ್ಲಿ ಆಪಾದಿತನ ದೋಷದ ಹೆಸರಾದದ್ದು ಹೇಗೆ, ಮತ್ತು ಆ ಪಲ್ಲಟದ ಹಿಂದೆ ‘ಆಡದ ಮಾತಿನ ಅರ್ಥವನ್ನು ನಿರ್ಣಯಿಸುವ ಅಧಿಕಾರ ಯಾರದು’ ಎಂಬ ಪ್ರಶ್ನೆ ಹೇಗೆ ಕೆಲಸ ಮಾಡಿದೆ ಎಂಬುದನ್ನು ಪರಿಶೀಲಿಸುವುದು ಪ್ರಸ್ತುತ ಪ್ರಬಂಧದ ಉದ್ದೇಶ.

ಲ್ಯಾಟಿನ್ ಮೂಲ

ಲ್ಯಾಟಿನ್ ಭಾಷೆಯಲ್ಲಿ ‘ನುಎರೆ’ ಎಂದರೆ ತಲೆಯಾಡಿಸುವುದು. ಸ್ವತಂತ್ರವಾಗಿ ಬಳಕೆಯಲ್ಲಿ ಅಪರೂಪವಾದ ಈ ಧಾತು ಉಪಸರ್ಗಗಳೊಡನೆ ಸೇರಿ ಹಲವು ಕ್ರಿಯಾಪದಗಳನ್ನು ಕೊಟ್ಟಿದೆ. ‘ಅನ್ನುಎರೆ’ ಎಂದರೆ ತಲೆದೂಗಿ ಒಪ್ಪುವುದು. ‘ಅಬ್‌ನುಎರೆ’ ಎಂದರೆ ತಲೆಯಲ್ಲಾಡಿಸಿ ನಿರಾಕರಿಸುವುದು. ‘ಇನ್ನುಎರೆ’ ಎಂದರೆ ಒಬ್ಬರತ್ತ ಅಥವಾ ಒಂದರತ್ತ ತಲೆಯಾಡಿಸಿ ಸನ್ನೆ ಮಾಡುವುದು. ದೈವೇಚ್ಛೆ, ದೈವಶಕ್ತಿ ಎಂಬ ಅರ್ಥದ ‘ನೂಮೆನ್’ ಎಂಬ ಪದವೂ ಇದೇ ಧಾತುವಿಗೆ ಸೇರಿದ್ದು. ದೇವತೆ ತಲೆಯಾಡಿಸಿದರೆ ಸಾಕು, ಇಚ್ಛೆ ಪ್ರಕಟವಾಯಿತು ಎಂಬ ಭಾವ ಅದರ ಹಿಂದಿದೆ. ಅಮೆರಿಕ ಸಂಯುಕ್ತ ಸಂಸ್ಥಾನದ ಮಹಾಮುದ್ರೆಯ ಮೇಲಿರುವ ಲ್ಯಾಟಿನ್ ಧ್ಯೇಯವಾಕ್ಯಗಳಲ್ಲೊಂದು ‘ಅನ್ನುಎರೆ’ ಎಂಬ ಕ್ರಿಯಾಪದದಿಂದಲೇ ಆರಂಭವಾಗುತ್ತದೆ.

‘ಇನ್ನುಎಂದೋ’ ಎಂಬುದು ‘ಇನ್ನುಎರೆ’ ಧಾತುವಿನ ಭಾವನಾಮಕ್ಕೆ ಕರಣಾರ್ಥದ ವಿಭಕ್ತಿ ಸೇರಿದ ರೂಪ. ಕನ್ನಡ ವ್ಯಾಕರಣದ ಪರಿಭಾಷೆಯಲ್ಲಿ ಹೇಳುವುದಾದರೆ ಇದು ಕೃದಂತ ಭಾವನಾಮದ ತೃತೀಯಾ ವಿಭಕ್ತಿಗೆ ಸಮೀಪವಾದುದು. ‘ಸನ್ನೆ ಮಾಡುವುದರಿಂದ’, ‘ಅತ್ತ ತೋರಿಸುವ ಮೂಲಕ’ ಎಂಬುದು ಇದರ ಅಕ್ಷರಶಃ ಅರ್ಥ. ಇಲ್ಲಿ ಎರಡು ಅಂಶಗಳು ಗಮನಾರ್ಹ. ಮೊದಲನೆಯದು, ಈ ರೂಪ ನಾಮಪದವಾಗಿ ನಿಲ್ಲದೆ ವಾಕ್ಯದ ನಡುವೆ ಅವ್ಯಯದಂತೆ ಕೆಲಸ ಮಾಡುವಂಥದು. ಎರಡನೆಯದು, ಇದರಲ್ಲಿ ದುರುದ್ದೇಶದ ಛಾಯೆ ಲವಲೇಶವೂ ಇಲ್ಲ. ಇಂಗ್ಲಿಷಿನಲ್ಲಿ ಪರೋಕ್ಷ ಸೂಚನೆಯನ್ನು ಹೇಳುವ, ಲ್ಯಾಟಿನ್ ಮೂಲದ ಬೇರೆ ಪದಗಳನ್ನು ಇದರೊಡನೆ ಹೋಲಿಸಬಹುದು. ‘ಇನ್‌ಸಿನ್ಯುಯೇಟ್’ ಎಂಬುದರ ಮೂಲದಲ್ಲಿ ‘ಸಿನುಸ್’, ಅಂದರೆ ಬಾಗು ಅಥವಾ ಮಡಿಕೆ, ಇದೆ. ಬಳಸಿ ಬಳಸಿ ಒಳನುಸುಳುವುದು ಅದರ ಚಿತ್ರ. ‘ಅಲ್ಯೂಡ್’ ಎಂಬುದರ ಮೂಲದಲ್ಲಿ ಆಟ ಎಂಬ ಅರ್ಥದ ಧಾತುವಿದೆ. ‘ಸಜೆಸ್ಟ್’ ಎಂಬುದರಲ್ಲಿ ಕೆಳಗಿನಿಂದ ಮೇಲಕ್ಕೆ ತಂದೊಡ್ಡುವ ಭಾವವಿದೆ. ಇವುಗಳಲ್ಲಿ ನುಸುಳುವಿಕೆಯ ಚಿತ್ರವನ್ನು ಹೊತ್ತ ಪದವು ಹೀನಾರ್ಥವನ್ನು ಪಡೆದದ್ದು ಸಹಜವೆನ್ನಬಹುದು. ತೆರೆದು ತೋರಿಸುವ ಸನ್ನೆಯೇ ಮೂಲವಾಗಿರುವ ‘ಇನ್ಯುಯೆಂಡೋ’ ಅದೇ ಗತಿಯನ್ನು ಪಡೆದುದಕ್ಕೆ ಧಾತುವಿನಲ್ಲಿ ಕಾರಣ ಸಿಗುವುದಿಲ್ಲ. ಕಾರಣವನ್ನು ಇಂಗ್ಲೆಂಡಿನ ನ್ಯಾಯಾಲಯಗಳಲ್ಲಿ ಹುಡುಕಬೇಕು.

ವಾದಪತ್ರದ ಆವರಣದಲ್ಲಿ

ಮಧ್ಯಯುಗದ ಇಂಗ್ಲೆಂಡಿನಲ್ಲಿ ನಿಂದೆಯ ಮಾತಿಗೆ ಸಂಬಂಧಿಸಿದ ವ್ಯಾಜ್ಯಗಳು ಬಹುಮಟ್ಟಿಗೆ ಚರ್ಚಿನ ನ್ಯಾಯಾಲಯಗಳ ವ್ಯಾಪ್ತಿಗೆ ಸೇರಿದ್ದವು. ದುರುದ್ದೇಶದಿಂದ ಇನ್ನೊಬ್ಬರ ಮೇಲೆ ಅಪರಾಧ ಹೊರಿಸುವವರನ್ನು ಧರ್ಮಬಹಿಷ್ಕಾರಕ್ಕೆ ಗುರಿಪಡಿಸುವ ವಿಧಿಯನ್ನು 1222ರ ಆಕ್ಸ್‌ಫರ್ಡ್ ಧರ್ಮಸಭೆ ರೂಪಿಸಿತ್ತು. 16ನೆಯ ಶತಮಾನದಲ್ಲಿ ಈ ವ್ಯಾಜ್ಯಗಳು ರಾಜನ ನ್ಯಾಯಾಲಯಗಳತ್ತ ಹರಿದುಬಂದವು. ಅಲ್ಲಿ ಪ್ರಾಯಶ್ಚಿತ್ತದ ಬದಲು ಹಣದ ರೂಪದ ಪರಿಹಾರ ದೊರೆಯುತ್ತಿದ್ದುದು ಇದಕ್ಕೆ ಒಂದು ಮುಖ್ಯ ಕಾರಣ.

ರಾಜನ ನ್ಯಾಯಾಲಯದ ದಾಖಲೆಗಳ ಭಾಷೆ ಲ್ಯಾಟಿನ್. ಆದರೆ ನಿಂದೆಯ ದಾವೆಯಲ್ಲಿ ಆಪಾದಿತನು ಆಡಿದ ಮಾತನ್ನು ಆಡಿದಂತೆಯೇ, ಇಂಗ್ಲಿಷಿನಲ್ಲಿಯೇ, ಉಲ್ಲೇಖಿಸಬೇಕಾಗಿತ್ತು. ಬೀದಿಯಲ್ಲಿ ಆಡಿದ ಮಾತಿನಲ್ಲಿ ‘ನೀನು’, ‘ಅವನು’, ‘ಆ ಕಳ್ಳ’ ಎಂಬ ಪದಗಳು ಇರುತ್ತವೆಯೇ ಹೊರತು ಪೂರ್ಣ ಹೆಸರು, ವಿಳಾಸಗಳು ಇರುವುದಿಲ್ಲ. ಈ ಕೊರತೆಯನ್ನು ತುಂಬುವುದಕ್ಕಾಗಿ ವಾದಪತ್ರ ಬರೆಯುವವರು ಇಂಗ್ಲಿಷ್ ಮಾತಿನ ನಡುವೆ ಆವರಣ ಚಿಹ್ನೆಯನ್ನು ಹಾಕಿ ‘ಇನ್ಯುಯೆಂಡೋ ಮೇಲೆ ಹೇಳಿದ ಜಾನ್’ ಎಂಬಂತೆ ಲ್ಯಾಟಿನ್ ವಿವರಣೆಯನ್ನು ಸೇರಿಸುತ್ತಿದ್ದರು. ‘ಅಂದರೆ’, ‘ಅರ್ಥಾತ್’ ಎಂಬುದಷ್ಟೇ ಇಲ್ಲಿ ಆ ಪದದ ಕೆಲಸ. ಈ ಕಾನೂನು ಬಳಕೆ ಇಂಗ್ಲಿಷಿನಲ್ಲಿ 16ನೆಯ ಶತಮಾನದ ಉತ್ತರಾರ್ಧದಿಂದ ಕಾಣಸಿಗುತ್ತದೆ. ಇಂಗ್ಲಿಷ್ ಮಾತಿನ ನಡುವೆ ಪದೇ ಪದೇ ಕಾಣಿಸಿಕೊಳ್ಳುತ್ತಿದ್ದ ಈ ಲ್ಯಾಟಿನ್ ರೂಪವು ವಕೀಲರ ಬಾಯಲ್ಲಿ ಕ್ರಮೇಣ ನಾಮಪದವಾಗಿ, ಆವರಣದೊಳಗಿನ ಆ ಟಿಪ್ಪಣಿಯೇ ‘ಇನ್ಯುಯೆಂಡೋ’ ಎನಿಸಿಕೊಂಡಿತು.

ದಾವೆಯ ವಾದಪತ್ರದಲ್ಲಿ ಇದಕ್ಕೆ ಒಂದು ನಿಶ್ಚಿತ ಸ್ಥಾನವಿತ್ತು. ಮೊದಲು ಹಿನ್ನೆಲೆಯ ಸಂಗತಿಗಳನ್ನು ನಿರೂಪಿಸುವ ಪೀಠಿಕೆ. ಆಮೇಲೆ, ಆ ಮಾತು ಫಿರ್ಯಾದಿಯನ್ನೂ ಆ ಸಂಗತಿಗಳನ್ನೂ ಕುರಿತು ಆಡಿದ್ದೆಂಬ ಹೇಳಿಕೆ. ಕೊನೆಯಲ್ಲಿ, ಮಾತಿನ ಒಂದೊಂದು ಪದವನ್ನೂ ಆ ಹಿನ್ನೆಲೆಗೆ ಹೊಂದಿಸುವ ಇನ್ಯುಯೆಂಡೋ. ಪೀಠಿಕೆಯಲ್ಲಿ ಇಲ್ಲದ ಹೊಸ ಸಂಗತಿಯನ್ನು ಕೊನೆಯ ಟಿಪ್ಪಣಿಯ ಮೂಲಕ ಒಳತರುವಂತಿರಲಿಲ್ಲ.

ಸೌಮ್ಯಾರ್ಥದ ನಿಯಮ

ಫಿರ್ಯಾದಿಯೇ ಅರ್ಥ ಹೇಳುವವನಾದರೆ ಆತ ತನಗೆ ಅನುಕೂಲವಾದ ಅರ್ಥವನ್ನೇ ಹೇಳುತ್ತಾನೆಂಬುದು ನ್ಯಾಯಾಧೀಶರಿಗೆ ತಿಳಿಯದ ವಿಷಯವಾಗಿರಲಿಲ್ಲ. 16ನೆಯ ಶತಮಾನದ ಕೊನೆಯ ಹೊತ್ತಿಗೆ ನಿಂದೆಯ ದಾವೆಗಳು ಅತಿಯಾಗಿ ಹೆಚ್ಚಿದ್ದುದರಿಂದ ಅವುಗಳಿಗೆ ಕಡಿವಾಣ ಹಾಕುವುದೂ ಅವರಿಗೆ ಅಗತ್ಯವೆನಿಸಿತ್ತು. ಆಗ ಬಳಕೆಗೆ ಬಂದ ನಿಯಮವೆಂದರೆ, ಒಂದು ಮಾತಿಗೆ ಎರಡು ಅರ್ಥಗಳು ಸಾಧ್ಯವಿದ್ದಲ್ಲಿ ಸೌಮ್ಯವಾದ ಅರ್ಥವನ್ನೇ ಹಿಡಿಯಬೇಕು ಎಂಬುದು.

ಎಡ್ವರ್ಡ್ ಕೋಕ್ ವರದಿ ಮಾಡಿರುವ 1599ರ ಜೇಮ್ಸ್ ಮತ್ತು ರಟ್ಲೆಕ್ ಪ್ರಕರಣದಲ್ಲಿ ಇನ್ಯುಯೆಂಡೋದ ಮಿತಿಯನ್ನು ಸ್ಪಷ್ಟವಾಗಿ ಗುರುತಿಸಲಾಗಿದೆ. ಮೊದಲೇ ನಿಶ್ಚಿತವಾಗಿರುವ ವ್ಯಕ್ತಿಯನ್ನೋ ವಿಷಯವನ್ನೋ ಅದು ತೋರಿಸಬಹುದು. ಆದರೆ ಅನಿಶ್ಚಿತವಾದುದನ್ನು ನಿಶ್ಚಿತಗೊಳಿಸಲಾರದು, ಪದಗಳ ಅರ್ಥವನ್ನು ಬದಲಿಸಲೂ ಆರದು. ಆಗಿನ ಇಂಗ್ಲಿಷಿನಲ್ಲಿ ‘ಪಾಕ್ಸ್’ ಎಂಬ ಪದ ಸಿಡುಬಿಗೂ ‘ಫ್ರೆಂಚ್ ಪಾಕ್ಸ್’ ಎನಿಸಿದ್ದ ಲೈಂಗಿಕ ರೋಗಕ್ಕೂ ಸಲ್ಲುತ್ತಿತ್ತು. ಮೊದಲನೆಯದು ದುರದೃಷ್ಟ, ಎರಡನೆಯದು ಅಪಕೀರ್ತಿ. ಬರಿಯ ‘ಪಾಕ್ಸ್’ ಎಂಬ ಮಾತನ್ನು ಟಿಪ್ಪಣಿಯ ಬಲದಿಂದಷ್ಟೇ ಎರಡನೆಯ ಅರ್ಥಕ್ಕೆ ಎಳೆಯಲಾಗದು ಎಂಬುದು ಅಲ್ಲಿನ ಉದಾಹರಣೆಗಳಲ್ಲಿ ಒಂದು.

1602ರ ಬಾರ್ಹಮ್ ಪ್ರಕರಣವೂ ಇದೇ ಬಗೆಯದು. ಫಿರ್ಯಾದಿಯು ತನ್ನ ಕಣಜದ ಕೊಟ್ಟಿಗೆಯನ್ನು ಸುಟ್ಟನೆಂದು ಪ್ರತಿವಾದಿ ಹೇಳಿದ್ದ. ಬರಿಯ ಕೊಟ್ಟಿಗೆಯನ್ನು ಸುಡುವುದು ಆಗಿನ ಕಾನೂನಿನಲ್ಲಿ ಘೋರಾಪರಾಧವಾಗಿರಲಿಲ್ಲ. ಧಾನ್ಯ ತುಂಬಿದ ಕೊಟ್ಟಿಗೆಯನ್ನು ಸುಡುವುದು ಘೋರಾಪರಾಧವಾಗಿತ್ತು. ‘ಇನ್ಯುಯೆಂಡೋ ಧಾನ್ಯವಿದ್ದ ಕೊಟ್ಟಿಗೆ’ ಎಂದು ವಾದಪತ್ರದಲ್ಲಿ ಬರೆದದ್ದನ್ನು ನ್ಯಾಯಾಲಯ ಮಾನ್ಯ ಮಾಡಲಿಲ್ಲ. ಮಾತಿನಲ್ಲಿ ಇಲ್ಲದ ಧಾನ್ಯವನ್ನು ಆವರಣದೊಳಗಿನಿಂದ ತುಂಬುವಂತಿಲ್ಲ ಎಂಬುದು ಅದರ ನಿಲುವು.

ಈ ನಿಯಮ ಎಷ್ಟು ದೂರ ಹೋಗಬಲ್ಲದೆಂಬುದಕ್ಕೆ 17ನೆಯ ಶತಮಾನದ ಮೊದಲ ದಶಕದ ಹೋಲ್ಟ್ ಪ್ರಕರಣ ಪ್ರಸಿದ್ಧ ನಿದರ್ಶನ. ಸರ್ ಥಾಮಸ್ ಹೋಲ್ಟ್ ತನ್ನ ಅಡುಗೆಯವನ ತಲೆಗೆ ಕತ್ತಿಯಿಂದ ಹೊಡೆದನೆಂದೂ, ತಲೆ ಸೀಳಿ ಒಂದೊಂದು ಹೋಳು ಒಂದೊಂದು ಭುಜದ ಮೇಲೆ ಬಿದ್ದಿತೆಂದೂ ಪ್ರತಿವಾದಿ ಹೇಳಿದ್ದ. ಅಡುಗೆಯವನು ಸತ್ತನೆಂದು ಎಲ್ಲಿಯೂ ಹೇಳಿಲ್ಲವಾದುದರಿಂದ ಇದು ಕೊಲೆಯ ಆರೋಪವಾಗುವುದಿಲ್ಲ ಎಂದು ನ್ಯಾಯಾಲಯ ದಾವೆಯನ್ನು ನಿರಾಕರಿಸಿತು. ಕೇಳಿದವರಲ್ಲಿ ಯಾರಿಗೂ ಸಂಶಯ ಉಳಿಯದಂಥ ಮಾತಿಗೆ ನ್ಯಾಯಾಲಯವೊಂದೇ ಸಂಶಯಪಟ್ಟಿತು ಎನ್ನಬೇಕಾಗುತ್ತದೆ. ಇದರಿಂದ ಚತುರನಾದ ನಿಂದಕನಿಗೆ ರಕ್ಷಣೆ ದೊರೆತು, ನಿಂದೆಗೆ ಗುರಿಯಾದವನು ನಿರುಪಾಯನಾದ. 18ನೆಯ ಶತಮಾನದಲ್ಲಿ ನ್ಯಾಯಾಧೀಶರು ಈ ನಿಯಮವನ್ನು ಕೈಬಿಟ್ಟು, ಸಾಮಾನ್ಯ ಜನ ಮಾತನ್ನು ಹೇಗೆ ಅರ್ಥಮಾಡಿಕೊಳ್ಳುತ್ತಾರೋ ಹಾಗೆಯೇ ನ್ಯಾಯಾಲಯವೂ ಅರ್ಥಮಾಡಿಕೊಳ್ಳಬೇಕೆಂಬ ನಿಲುವಿಗೆ ಬಂದರು. 1775ರ ಪೀಕ್ ಮತ್ತು ಓಲ್ಡಮ್ ಪ್ರಕರಣದಲ್ಲಿ ಮುಖ್ಯ ನ್ಯಾಯಾಧೀಶ ಲಾರ್ಡ್ ಮ್ಯಾನ್ಸ್‌ಫೀಲ್ಡ್ ತಳೆದದ್ದು ಇದೇ ನಿಲುವು.

ಪ್ರಭುತ್ವವೇ ಫಿರ್ಯಾದಿಯಾದಾಗ

ಖಾಸಗಿ ವ್ಯಾಜ್ಯಗಳಲ್ಲಿ ಇನ್ಯುಯೆಂಡೋವನ್ನು ಇಷ್ಟು ಬಿಗಿಯಾಗಿ ನಿಯಂತ್ರಿಸಿದ ವ್ಯವಸ್ಥೆಯೇ ಪ್ರಭುತ್ವವನ್ನು ಟೀಕಿಸಿದ ಬರಹಗಳ ವಿಚಾರಣೆಯಲ್ಲಿ ಬೇರೆ ರೀತಿಯಲ್ಲಿ ವರ್ತಿಸಿತು. ಇಲ್ಲಿ ಅರ್ಥ ಬಿಡಿಸಿ ಬರೆಯುವವನು ಸರ್ಕಾರಿ ವಕೀಲ. ಅವನ ಟಿಪ್ಪಣಿಯನ್ನು ಒಪ್ಪಿದರೆ ಲೇಖಕನಿಗೆ ಸೆರೆವಾಸ.

1685ರಲ್ಲಿ ಪ್ಯೂರಿಟನ್ ಪಾದ್ರಿ ರಿಚರ್ಡ್ ಬ್ಯಾಕ್ಸ್‌ಟರ್ ವಿರುದ್ಧ ನಡೆದ ವಿಚಾರಣೆ ಇದಕ್ಕೆ ಸಾಕ್ಷಿ. ಬೈಬಲಿನ ಹೊಸ ಒಡಂಬಡಿಕೆಗೆ ಆತ ಬರೆದ ಸರಳಾನುವಾದರೂಪದ ವ್ಯಾಖ್ಯಾನದಲ್ಲಿ ಧರ್ಮಾಧಿಕಾರಿಗಳ ವಿಷಯವಾಗಿ ಕಟುವಾದ ಮಾತುಗಳಿದ್ದವು. ಅವು ಇಂಗ್ಲೆಂಡಿನ ಬಿಷಪ್ಪರನ್ನೇ ಕುರಿತವು ಎಂಬುದು ಆರೋಪ. ಗ್ರಂಥದಲ್ಲಿ ಇಂಗ್ಲೆಂಡಿನ ಹೆಸರಿಲ್ಲ, ರೋಮಿನ ಧರ್ಮಾಧಿಕಾರಿಗಳಿಗೂ ಆ ಮಾತು ಅನ್ವಯಿಸಬಹುದು ಎಂಬುದು ಆತನ ಪರ ವಕೀಲರ ವಾದ. ಮುಖ್ಯ ನ್ಯಾಯಾಧೀಶ ಜೆಫ್ರೀಸ್ ಈ ವಾದಕ್ಕೆ ಕಿವಿಗೊಡಲಿಲ್ಲ. ಎಪ್ಪತ್ತರ ಸಮೀಪದ ವಯಸ್ಸಿನ ಬ್ಯಾಕ್ಸ್‌ಟರ್‌ಗೆ 500 ಮಾರ್ಕ್ ದಂಡ ವಿಧಿಸಲಾಯಿತು. ಆತ ಸೆರೆಮನೆಯನ್ನೂ ಕಾಣಬೇಕಾಯಿತು. ಗ್ರಂಥ ಬರೆದವನಿಗಿಂತ ಅದಕ್ಕೆ ಟಿಪ್ಪಣಿ ಬರೆದವನ ಮಾತೇ ಇಲ್ಲಿ ಮೇಲಾಯಿತು.

18ನೆಯ ಶತಮಾನದ ಇಂಗ್ಲಿಷ್ ಬರಹಗಾರರು ಈ ಅಪಾಯದಿಂದ ತಪ್ಪಿಸಿಕೊಳ್ಳಲು ಹಲವು ಉಪಾಯಗಳನ್ನು ಹೂಡಿದರು. ಹೆಸರಿನ ಮೊದಲ ಮತ್ತು ಕೊನೆಯ ಅಕ್ಷರಗಳನ್ನು ಮಾತ್ರ ಮುದ್ರಿಸಿ ನಡುವೆ ಅಡ್ಡಗೆರೆ ಎಳೆಯುವುದು, ನಕ್ಷತ್ರಚಿಹ್ನೆಗಳನ್ನು ಹಾಕುವುದು, ಅಕ್ಷರಪಲ್ಲಟದ ಹೆಸರುಗಳನ್ನು ಬಳಸುವುದು ಅವುಗಳಲ್ಲಿ ಕೆಲವು. ಸಂಸತ್ತಿನ ಚರ್ಚೆಗಳ ಪ್ರಕಟಣೆಗೆ ನಿರ್ಬಂಧ ಬಿದ್ದಾಗ ‘ಜೆಂಟಲ್‌ಮನ್ಸ್ ಮ್ಯಾಗಜೀನ್’ ಪತ್ರಿಕೆ 1738ರಿಂದ ಆ ಚರ್ಚೆಗಳನ್ನು ಲಿಲಿಪುಟ್ ದೇಶದ ಸಭೆಯ ಕಲಾಪಗಳೆಂಬ ಹೆಸರಿನಲ್ಲಿ ಪ್ರಕಟಿಸಿತು. ಆ ದೇಶದ ಸೃಷ್ಟಿಕರ್ತನಾದ ಜೊನಾಥನ್ ಸ್ವಿಫ್ಟ್ 1726ರ ‘ಗಲಿವರನ ಪ್ರವಾಸ’ದ ಮೂರನೆಯ ಭಾಗದಲ್ಲಿ, ಜನರ ಪತ್ರಗಳನ್ನು ಕಿತ್ತುಕೊಂಡು ಅವುಗಳಲ್ಲಿನ ಅತಿಸಾಧಾರಣ ಪದಗಳಲ್ಲಿಯೂ ಒಳಸಂಚಿನ ಗೂಢಾರ್ಥಗಳನ್ನು ಕಂಡುಹಿಡಿಯುವ ತಜ್ಞರನ್ನು ಲೇವಡಿ ಮಾಡಿದ್ದಾನೆ. ಸರ್ಕಾರಿ ವ್ಯಾಖ್ಯಾನಕಾರರ ಬಗೆಗೆ ಆ ಕಾಲದ ಓದುಗರಲ್ಲಿದ್ದ ಅಳುಕು ಈ ವಿಡಂಬನೆಯ ಹಿನ್ನೆಲೆಯಲ್ಲಿದೆ.

ಜ್ಯೂರಿಯ ಅಧಿಕಾರದ ಪ್ರಶ್ನೆ

ಇಂಥ ವಿಚಾರಣೆಗಳಲ್ಲಿ ಜ್ಯೂರಿಯ ಪಾತ್ರವೇನು ಎಂಬುದು 18ನೆಯ ಶತಮಾನದ ದೊಡ್ಡ ವಿವಾದವಾಯಿತು. ಬರಹವು ಕಾನೂನಿನ ದೃಷ್ಟಿಯಲ್ಲಿ ನಿಂದೆಯೇ ಅಲ್ಲವೇ ಎಂಬುದನ್ನು ನಿರ್ಣಯಿಸುವವರು ನ್ಯಾಯಾಧೀಶರು. ಜ್ಯೂರಿಯು ಎರಡೇ ಪ್ರಶ್ನೆಗಳಿಗೆ ಉತ್ತರಿಸಬೇಕು: ಆಪಾದಿತನು ಅದನ್ನು ಪ್ರಕಟಿಸಿದನೇ? ಆರೋಪಪತ್ರದ ಇನ್ಯುಯೆಂಡೋಗಳು, ಅಂದರೆ ಬಿಟ್ಟ ಸ್ಥಳಗಳನ್ನು ತುಂಬಿದ ರೀತಿ, ಸರಿಯೇ? ಇದು ಮ್ಯಾನ್ಸ್‌ಫೀಲ್ಡ್ ಎತ್ತಿಹಿಡಿದ ಸಿದ್ಧಾಂತ. ‘ಕೆ’ ಅಕ್ಷರದ ಮುಂದಿನ ಅಡ್ಡಗೆರೆ ರಾಜನನ್ನು ಸೂಚಿಸುತ್ತದೆಯೇ ಎಂಬ ಪ್ರಶ್ನೆಗೆ ಹೌದು ಎನ್ನದೆ ಜ್ಯೂರಿಗೆ ಬೇರೆ ದಾರಿ ಇರುತ್ತಿರಲಿಲ್ಲ. ಹೌದು ಎಂದ ಮೇಲೆ ಉಳಿದದ್ದು ನ್ಯಾಯಾಧೀಶರ ಕೈಯಲ್ಲಿ.

ಜೂನಿಯಸ್ ಎಂಬ ಗುಪ್ತನಾಮದ ಲೇಖಕ ರಾಜನನ್ನು ಉದ್ದೇಶಿಸಿ 1769ರ ಡಿಸೆಂಬರ್‌ನಲ್ಲಿ ಪ್ರಕಟಿಸಿದ ಪತ್ರದ ಸಂಬಂಧ ಮುದ್ರಕ ವುಡ್‌ಫಾಲ್‌ನನ್ನು 1770ರಲ್ಲಿ ವಿಚಾರಣೆಗೆ ಗುರಿಪಡಿಸಲಾಯಿತು. ಜ್ಯೂರಿಯು ದೀರ್ಘ ಸಮಾಲೋಚನೆಯ ಬಳಿಕ, ಆತ ಮುದ್ರಿಸಿ ಪ್ರಕಟಿಸಿದ್ದಕ್ಕೆ ಮಾತ್ರ ತಪ್ಪಿತಸ್ಥ ಎಂಬ ತೀರ್ಮಾನ ಕೊಟ್ಟಿತು. ‘ಮಾತ್ರ’ ಎಂಬ ಆ ಒಂದು ಪದ ಮೊಕದ್ದಮೆಯನ್ನು ತೊಡಕಿಗೆ ಸಿಲುಕಿಸಿತು. ಹೊಸ ವಿಚಾರಣೆಗೆ ಆದೇಶವಾದರೂ ಸರ್ಕಾರಕ್ಕೆ ಶಿಕ್ಷೆ ಕೊಡಿಸಲಾಗಲಿಲ್ಲ.

1777ರಲ್ಲಿ ಜಾನ್ ಹಾರ್ನ್ ವಿರುದ್ಧ ನಡೆದ ಮೊಕದ್ದಮೆ ಪದದ ಚರಿತ್ರೆಯ ದೃಷ್ಟಿಯಿಂದ ಇನ್ನೂ ಮುಖ್ಯವಾದುದು. 1775ರಲ್ಲಿ ಲೆಕ್ಸಿಂಗ್ಟನ್ ಮತ್ತು ಕಾಂಕರ್ಡ್‌ಗಳಲ್ಲಿ ರಾಜನ ಸೈನಿಕರಿಂದ ಹತರಾದ ಅಮೆರಿಕನ್ನರ ಕುಟುಂಬಗಳಿಗೆ ನಿಧಿ ಸಂಗ್ರಹಿಸುವ ಪ್ರಕಟಣೆಯೊಂದನ್ನು ಆತ ಪತ್ರಿಕೆಗಳಲ್ಲಿ ಹಾಕಿಸಿದ್ದ. ಆತನಿಗೆ 12 ತಿಂಗಳ ಸೆರೆವಾಸ ಹಾಗೂ 200 ಪೌಂಡ್ ದಂಡ ವಿಧಿಸಲಾಯಿತು. ಆರೋಪಪತ್ರದಲ್ಲಿ ಅಗತ್ಯವಾದ ಪೀಠಿಕೆ ಇಲ್ಲವೆಂಬ ಆತನ ಆಕ್ಷೇಪಣೆ ಹೌಸ್ ಆಫ್ ಲಾರ್ಡ್ಸ್‌ವರೆಗೂ ಹೋಯಿತು. 1778ರಲ್ಲಿ ಆ ಆಕ್ಷೇಪಣೆ ತಿರಸ್ಕೃತವಾದರೂ, ನ್ಯಾಯಾಧೀಶರ ಪರವಾಗಿ ಅಭಿಪ್ರಾಯ ನೀಡಿದ ಡಿ ಗ್ರೇ, ಇನ್ಯುಯೆಂಡೋ ಎಂದರೆ ‘ಅಂದರೆ’ ಎಂಬುದಕ್ಕಿಂತ ಹೆಚ್ಚೇನೂ ಅಲ್ಲವೆಂದೂ, ಅದು ವಿವರಿಸಬಲ್ಲದೇ ಹೊರತು ಸೇರಿಸಲಾರದೆಂದೂ ಸ್ಪಷ್ಟಪಡಿಸಿದರು. ಮುಂದಿನ ಕಾಲದ ಕಾನೂನು ಗ್ರಂಥಗಳಿಗೆ ಈ ವಿವರಣೆ ಆಧಾರವಾಯಿತು.

1792ರ ಫಾಕ್ಸ್‌ನ ನಿಂದಾ ಕಾಯಿದೆ ಜ್ಯೂರಿಯನ್ನು ಇನ್ಯುಯೆಂಡೋಗಳ ಪರಿಶೀಲನೆಗಷ್ಟೇ ಸೀಮಿತಗೊಳಿಸಿದ್ದ ವ್ಯವಸ್ಥೆಯನ್ನು ಕೊನೆಗೊಳಿಸಿತು. ಇಡೀ ವಿಷಯವನ್ನು ಕುರಿತು ತಪ್ಪಿತಸ್ಥನೆಂದೋ ಅಲ್ಲವೆಂದೋ ಹೇಳುವ ಅಧಿಕಾರ ಜ್ಯೂರಿಗೆ ದೊರೆಯಿತು. ಮುದ್ರಣ ಸ್ವಾತಂತ್ರ್ಯದ ಚರಿತ್ರೆಯಲ್ಲಿ ಇದಕ್ಕೆ ಮಹತ್ವದ ಸ್ಥಾನವಿದೆ.

ಜನಬಳಕೆಗೆ ಇಳಿದ ಬಗೆ

ಪದವು ಕಾನೂನಿನ ಪರಿಭಾಷೆಯಿಂದ ಸಾಮಾನ್ಯ ಬಳಕೆಗೆ ಇಳಿದದ್ದು 17ನೆಯ ಶತಮಾನದ ಉತ್ತರಾರ್ಧದಲ್ಲಿ. 18ನೆಯ ಶತಮಾನದ ಆರಂಭದಲ್ಲಿ ಅದು ಕ್ರಿಯಾಪದವಾಗಿಯೂ ಕಾಣಿಸಿಕೊಂಡಿತು. ಒಂದೇ ‘ಎನ್’ ಅಕ್ಷರದ ಕಾಗುಣಿತವೂ ಆ ಕಾಲದ ಮುದ್ರಿತ ಪುಸ್ತಕಗಳಲ್ಲಿ ಸಾಮಾನ್ಯ. 1755ರ ತನ್ನ ನಿಘಂಟಿನಲ್ಲಿ ಸ್ಯಾಮ್ಯುಯೆಲ್ ಜಾನ್ಸನ್ ಇದಕ್ಕೆ ಓರೆಯಾದ ಸೂಚನೆ ಎಂಬ ಅರ್ಥವನ್ನೇ ಕೊಟ್ಟಿದ್ದಾನೆ. ಅಷ್ಟರಲ್ಲಿ ಪಲ್ಲಟ ಪೂರ್ಣವಾಗಿತ್ತು.

ಈ ಪಲ್ಲಟದ ಕ್ರಮವನ್ನು ಹೀಗೆ ವಿವರಿಸಬಹುದು. ವಾದಪತ್ರದಲ್ಲಿ ಇನ್ಯುಯೆಂಡೋ ಎಂಬ ಪದದ ಮುಂದೆ ಬರುತ್ತಿದ್ದುದು ಸದಾ ಅಪಕೀರ್ತಿಕರವಾದ ಅರ್ಥ: ಕಳ್ಳ, ಕೊಲೆಗಾರ, ರೋಗಿ, ರಾಜದ್ರೋಹಿ. ಸತತ ಸಾಹಚರ್ಯದಿಂದ ಆ ಮಲಿನತೆ ಪದಕ್ಕೂ ಅಂಟಿತು. ಜೊತೆಗೆ, ಬರಹಗಾರರು ಬಿಟ್ಟ ಸ್ಥಳಗಳನ್ನು ಉದ್ದೇಶಪೂರ್ವಕವಾಗಿಯೇ ಬಿಡಲಾರಂಭಿಸಿದ ಮೇಲೆ, ಅರ್ಥವನ್ನು ತುಂಬುವ ಕೆಲಸಕ್ಕೂ ಅರ್ಥವನ್ನು ಅಡಗಿಸುವ ಕೆಲಸಕ್ಕೂ ನಡುವಿನ ಅಂತರ ಅಳಿಸಿತು. ಅಡ್ಡಗೆರೆ ಎಳೆದವನೂ ಅದನ್ನು ಬಿಡಿಸಿದವನೂ ಒಂದೇ ಆಟದ ಎರಡು ಕೈಗಳಾದರು. 1731ರಲ್ಲಿ ಅಂಗೀಕೃತವಾಗಿ 1733ರಲ್ಲಿ ಜಾರಿಗೆ ಬಂದ ಕಾಯಿದೆಯಿಂದ ನ್ಯಾಯಾಲಯದ ದಾಖಲೆಗಳ ಭಾಷೆ ಇಂಗ್ಲಿಷ್ ಆದ ಮೇಲೆ, ಆವರಣದೊಳಗೆ ‘ಅಂದರೆ’ ಎಂಬರ್ಥದ ಇಂಗ್ಲಿಷ್ ಪದವೇ ಬಂದಿತು. ‘ಇನ್ಯುಯೆಂಡೋ’ ವಾದಪತ್ರದ ಒಳಗಿನ ತನ್ನ ಕೆಲಸವನ್ನು ಕಳೆದುಕೊಂಡು, ಆ ಕೆಲಸದ ಹೆಸರಾಗಿ ಮಾತ್ರ ಕಾನೂನಿನಲ್ಲಿ ಉಳಿಯಿತು. ಹೊರಗೆ ಅದು ಓರೆಮಾತಿನ ಹೆಸರಾಗಿ ಬೆಳೆಯಿತು.

ಸಾಮಾನ್ಯ ಓದುಗನೆಂಬ ಮಾನದಂಡ

1852ರ ಕಾಮನ್ ಲಾ ವಿಧಾನ ಕಾಯಿದೆ ದೀರ್ಘ ಪೀಠಿಕೆಗಳ ಅಗತ್ಯವನ್ನು ತೆಗೆದುಹಾಕಿತು. ಅಂದಿನಿಂದ ಪ್ರಶ್ನೆ ವಾದಪತ್ರದ ರೂಪದಿಂದ ಸರಿದು, ಸಾಮಾನ್ಯ ಓದುಗನಿಗೆ ಆ ಮಾತಿನಿಂದ ಯಾವ ಅರ್ಥ ಹೊಳೆಯುತ್ತದೆ ಎಂಬುದರ ಮೇಲೆ ನೆಲೆಗೊಂಡಿತು. ಕ್ಯಾಪಿಟಲ್ ಅಂಡ್ ಕೌಂಟೀಸ್ ಬ್ಯಾಂಕ್ ಮತ್ತು ಹೆಂಟಿ ಪ್ರಕರಣದಲ್ಲಿ ಮದ್ಯ ತಯಾರಕರ ಸಂಸ್ಥೆಯೊಂದು ಆ ಬ್ಯಾಂಕಿನ ಶಾಖೆಗಳ ಚೆಕ್ಕುಗಳನ್ನು ಸ್ವೀಕರಿಸುವುದಿಲ್ಲವೆಂದು ತನ್ನ ಗಿರಾಕಿಗಳಿಗೆ ಸುತ್ತೋಲೆ ಕಳುಹಿಸಿತ್ತು. ಸುದ್ದಿ ಹರಡಿ ಜನ ಹಣ ಹಿಂತೆಗೆಯಲು ಬ್ಯಾಂಕಿಗೆ ಮುಗಿಬಿದ್ದರು. ಬ್ಯಾಂಕು ದಿವಾಳಿಯಾಗಿದೆಯೆಂಬ ಸೂಚನೆ ಅದರಲ್ಲಿದೆ ಎಂಬ ವಾದವನ್ನು 1882ರಲ್ಲಿ ಹೌಸ್ ಆಫ್ ಲಾರ್ಡ್ಸ್ ಒಪ್ಪಲಿಲ್ಲ. ಜನ ವಾಸ್ತವವಾಗಿ ಹಾಗೆ ತಿಳಿದರೆಂಬುದು ಸಾಲದು, ವಿವೇಕಿಯಾದ ಓದುಗ ಹಾಗೆ ತಿಳಿಯಬಹುದಾಗಿತ್ತೇ ಎಂಬುದು ಮುಖ್ಯ ಎಂದಾಯಿತು.

20ನೆಯ ಶತಮಾನದಲ್ಲಿ ಇನ್ನೊಂದು ಬಗೆಯ ಪ್ರಕರಣಗಳು ಮುನ್ನೆಲೆಗೆ ಬಂದವು. 1929ರ ಕ್ಯಾಸಿಡಿ ಪ್ರಕರಣದಲ್ಲಿ ಪತ್ರಿಕೆಯೊಂದು ಒಬ್ಬಾತನ ಚಿತ್ರವನ್ನು ಒಬ್ಬಾಕೆಯೊಡನೆ ಪ್ರಕಟಿಸಿ ಅವರ ವಿವಾಹ ನಿಶ್ಚಯವಾಗಿದೆಯೆಂದು ಬರೆಯಿತು. ಆತನಿಗೆ ಆಗಲೇ ವಿವಾಹವಾಗಿತ್ತು. ಪತ್ರಿಕೆಯ ಮಾತಿನಲ್ಲಿ ಪತ್ನಿಯ ಪ್ರಸ್ತಾಪವೇ ಇರಲಿಲ್ಲ. ಆದರೂ ಆಕೆಯನ್ನು ಬಲ್ಲ ನೆರೆಹೊರೆಯವರು, ಈಕೆ ಆತನ ಧರ್ಮಪತ್ನಿಯಲ್ಲವೆಂದು ತಿಳಿಯಲು ಅದು ಕಾರಣವಾಯಿತೆಂದು ನ್ಯಾಯಾಲಯ ಒಪ್ಪಿ ಪರಿಹಾರ ಕೊಡಿಸಿತು. 1931ರ ಟಾಲಿ ಪ್ರಕರಣದಲ್ಲಿ ಹವ್ಯಾಸಿ ಗಾಲ್ಫ್ ಆಟಗಾರನ ವ್ಯಂಗ್ಯಚಿತ್ರವನ್ನು ಚಾಕೊಲೇಟ್ ಜಾಹೀರಾತಿನಲ್ಲಿ ಅವನ ಅನುಮತಿಯಿಲ್ಲದೆ ಬಳಸಲಾಗಿತ್ತು. ಹವ್ಯಾಸಿ ಆಟಗಾರನು ಹಣ ಪಡೆಯಬಾರದೆಂಬ ರೂಢಿಯನ್ನು ಬಲ್ಲವರಿಗೆ ಮಾತ್ರ ಅದರಲ್ಲಿ ಅಪಮಾನ ಕಾಣುತ್ತಿತ್ತು; ಹೌಸ್ ಆಫ್ ಲಾರ್ಡ್ಸ್ ಅದನ್ನು ಮಾನ್ಯ ಮಾಡಿತು. ಹೀಗೆ ಹೊರಗಿನ ಸಂಗತಿಗಳ ತಿಳಿವಳಿಕೆಯಿಂದ ಹೊಳೆಯುವ ಅರ್ಥಕ್ಕೆ ‘ನಿಜವಾದ’ ಇನ್ಯುಯೆಂಡೋ ಎಂದೂ, ಸಾಲುಗಳ ನಡುವೆ ಓದಿದರೆ ಯಾರಿಗಾದರೂ ಹೊಳೆಯುವ ಅರ್ಥಕ್ಕೆ ಹೆಸರಿಗಷ್ಟೇ ಇನ್ಯುಯೆಂಡೋ ಎಂದೂ ಭೇದ ಮಾಡುವ ರೂಢಿ, 1963ರಲ್ಲಿ ತೀರ್ಮಾನವಾದ ಲೂಯಿಸ್ ಮತ್ತು ಡೈಲಿ ಟೆಲಿಗ್ರಾಫ್ ಪ್ರಕರಣದಿಂದ ಇನ್ನಷ್ಟು ಸ್ಪಷ್ಟವಾಯಿತು.

ಈ ಸರಣಿಯಲ್ಲಿ 2013ರ ಮ್ಯಾಕಾಲ್ಪೈನ್ ಮತ್ತು ಬರ್ಕೋ ತೀರ್ಪು ವಿಶೇಷವಾಗಿ ಗಮನಿಸಬೇಕಾದುದು. 2012ರ ನವೆಂಬರ್‌ನಲ್ಲಿ, ಹೆಸರು ಹೇಳದ ರಾಜಕಾರಣಿಯೊಬ್ಬರ ಮೇಲೆ ಘೋರ ಆರೋಪವೊಂದು ದೂರದರ್ಶನ ಕಾರ್ಯಕ್ರಮದಲ್ಲಿ ಕೇಳಿಬಂದಿತ್ತು. ಲಾರ್ಡ್ ಮ್ಯಾಕಾಲ್ಪೈನ್ ಅವರ ಹೆಸರು ಏಕೆ ಎಲ್ಲೆಡೆ ಕೇಳಿಬರುತ್ತಿದೆಯೆಂದು ಟ್ವಿಟರ್‌ನಲ್ಲಿ ಪ್ರಶ್ನಿಸಿದ ಬರಹವೊಂದು ‘ಮುಗ್ಧ ಮುಖ’ ಎಂಬ ಎರಡು ಪದಗಳೊಡನೆ ಮುಗಿದಿತ್ತು. ಅವರ ಮೇಲಿನ ಆರೋಪ ಸಂಪೂರ್ಣ ಸುಳ್ಳಾಗಿತ್ತು. ಬರಹದಲ್ಲಿ ಆರೋಪದ ಒಂದು ಪದವೂ ಇರಲಿಲ್ಲ. ಆದರೆ ಆ ‘ಮುಗ್ಧ ಮುಖ’ವನ್ನು ಓದುಗರು ವ್ಯಂಗ್ಯವೆಂದೇ ಗ್ರಹಿಸುತ್ತಾರೆಂದು ನ್ಯಾಯಾಲಯ ತೀರ್ಮಾನಿಸಿತು. ತಲೆಯ ಸನ್ನೆಯಿಂದ ಹುಟ್ಟಿದ ಪದವನ್ನು ಇಲ್ಲಿ ಬರಹದಲ್ಲಿ ಮೂಡಿಸಿದ ಮುಖಭಾವಕ್ಕೆ ಅನ್ವಯಿಸಲಾಯಿತು.

ಭಾರತೀಯ ದಂಡಸಂಹಿತೆಯಲ್ಲಿ

ಭಾರತದ ಕಾನೂನಿಗೂ ಈ ಚರಿತ್ರೆಗೂ ನೇರ ಸಂಬಂಧವಿದೆ. 1860ರ ಭಾರತೀಯ ದಂಡಸಂಹಿತೆಯ 499ನೆಯ ಪ್ರಕರಣ ಮಾನಹಾನಿಯನ್ನು ನಿರೂಪಿಸುವಾಗ ‘ಇನ್ಯುಯೆಂಡೋ’ ಎಂಬ ಪದವನ್ನು ಬಳಸಲಿಲ್ಲ. ಆದರೆ ಅಲ್ಲಿ ಕೊಟ್ಟ ಮೂರು ದೃಷ್ಟಾಂತಗಳೂ ಅದರವೇ. ಒಬ್ಬನು ಇನ್ನೊಬ್ಬನನ್ನು ಕುರಿತು ಅವನು ಪ್ರಾಮಾಣಿಕ, ಇಂಥವರ ಗಡಿಯಾರವನ್ನು ಕದ್ದಿಲ್ಲ ಎಂದು, ಕದ್ದನೆಂಬ ಭಾವನೆ ಹುಟ್ಟಿಸುವ ಉದ್ದೇಶದಿಂದಲೇ ಹೇಳುವುದು ಮೊದಲನೆಯದು. ಕದ್ದವರು ಯಾರೆಂದು ಕೇಳಿದಾಗ ಮಾತನಾಡದೆ ಒಬ್ಬನತ್ತ ಕೈತೋರಿಸುವುದು ಎರಡನೆಯದು. ಗಡಿಯಾರದೊಡನೆ ಓಡುತ್ತಿರುವಂತೆ ಒಬ್ಬನ ಚಿತ್ರ ಬರೆಯುವುದು ಮೂರನೆಯದು. ವ್ಯಂಗ್ಯವಾಗಿ ಹೇಳಿದ ಆರೋಪವೂ ಮಾನಹಾನಿಯಾಗಬಹುದೆಂದು ಆ ಪ್ರಕರಣದ ಮೂರನೆಯ ವಿವರಣೆ ಸ್ಪಷ್ಟವಾಗಿಯೇ ಹೇಳುತ್ತದೆ. ವಾದಪತ್ರದ ಆವರಣಗಳ ಜಟಿಲತೆಯನ್ನು ಬದಿಗಿಟ್ಟು, ಸನ್ನೆಯನ್ನು ಸನ್ನೆಯಾಗಿಯೇ ಈ ಸಂಹಿತೆ ಕಂಡಿತು. 2016ರಲ್ಲಿ ಸರ್ವೋಚ್ಚ ನ್ಯಾಯಾಲಯ ಇದರ ಸಾಂವಿಧಾನಿಕ ಸಿಂಧುತ್ವವನ್ನು ಎತ್ತಿಹಿಡಿಯಿತು. 2024ರ ಜುಲೈ 1ರಿಂದ ಜಾರಿಗೆ ಬಂದಿರುವ ಭಾರತೀಯ ನ್ಯಾಯ ಸಂಹಿತೆಯ 356ನೆಯ ಪ್ರಕರಣದಲ್ಲಿ ಈ ನಿರೂಪಣೆ ಮುಂದುವರಿದಿದೆ.

ಇಂಗಿತ, ಧ್ವನಿ ಮತ್ತು ಇನ್ಯುಯೆಂಡೋ

ಕನ್ನಡದ ಓದುಗರಿಗೆ ಇಲ್ಲಿ ‘ಇಂಗಿತ’ ಎಂಬ ಪದ ನೆನಪಾಗುವುದು ಸಹಜ. ಚಲಿಸು ಎಂಬ ಅರ್ಥದ ‘ಇಂಗ್’ ಧಾತುವಿನಿಂದ ಬಂದ ಈ ಸಂಸ್ಕೃತ ಪದವೂ ಅಂಗಚೇಷ್ಟೆಯಿಂದಲೇ ಹೊರಟು ಅಂತರಂಗದ ಅಭಿಪ್ರಾಯ ಎಂಬ ಅರ್ಥಕ್ಕೆ ಬಂದಿದೆ. ಇದಕ್ಕೂ ನ್ಯಾಯಸಭೆಯ ಪರಿಚಯವುಂಟು. ವ್ಯವಹಾರ ನಿರ್ಣಯದಲ್ಲಿ ಸ್ವರ, ಮುಖವರ್ಣ, ಇಂಗಿತ, ಆಕಾರ ಮೊದಲಾದ ಬಾಹ್ಯ ಚಿಹ್ನೆಗಳಿಂದ ಮನುಷ್ಯರ ಅಂತರಂಗವನ್ನು ಅರಿಯಬೇಕೆಂದು ಮನುಸ್ಮೃತಿಯ ಎಂಟನೆಯ ಅಧ್ಯಾಯ ಹೇಳುತ್ತದೆ. ಆದರೆ ಅಲ್ಲಿ ಇಂಗಿತವು ನ್ಯಾಯಾಧಿಕಾರಿ ಗಮನಿಸಬೇಕಾದ ಲಕ್ಷಣವೇ ಹೊರತು ವಾದಿಯು ಸೇರಿಸುವ ವ್ಯಾಖ್ಯಾನವಲ್ಲ. ಆದುದರಿಂದಲೇ ಅದು ಹೀನಾರ್ಥಕ್ಕೆ ಇಳಿಯದೆ ಉಳಿಯಿತೆನ್ನಬಹುದು. ಒಂದೇ ಬಗೆಯ ಮೂಲದಿಂದ ಹೊರಟ ಎರಡು ಪದಗಳ ಗತಿಭೇದಕ್ಕೆ ಅವು ಹೊಕ್ಕ ಸಂಸ್ಥೆಗಳ ಭೇದವೇ ಕಾರಣವೆಂಬುದು ಈ ಹೋಲಿಕೆಯಿಂದ ಸ್ಪಷ್ಟವಾಗುತ್ತದೆ.

ಧ್ವನಿಸಿದ್ಧಾಂತದೊಡನೆಯೂ ಒಂದು ಹೋಲಿಕೆ ಸಾಧ್ಯ. 9ನೆಯ ಶತಮಾನದ ಆನಂದವರ್ಧನನ ‘ಧ್ವನ್ಯಾಲೋಕ’ದ ಪ್ರಕಾರ ವಾಚ್ಯವನ್ನು ಮೀರಿದ ಅರ್ಥ ಸಹೃದಯನಿಗೆ ಹೊಳೆಯುತ್ತದೆ, ಅದು ಕಾವ್ಯದ ಆತ್ಮ. ನ್ಯಾಯಾಲಯವೂ ವಾಚ್ಯವನ್ನು ಮೀರಿದ ಅರ್ಥವನ್ನು ಹುಡುಕುತ್ತದೆ. ಆದರೆ ಅದು ಕೇಳುವುದು ಸಹೃದಯನನ್ನಲ್ಲ, ಸಾಮಾನ್ಯ ಓದುಗನನ್ನು. ಕಾವ್ಯದಲ್ಲಿ ಅರ್ಥದ ಬಹುತ್ವ ಗುಣವಾದರೆ, ದಾವೆಯಲ್ಲಿ ಅರ್ಥ ಒಂದೇ ಎಂದು ನಿಲ್ಲಬೇಕು. ಏಕೆಂದರೆ ಅದರ ಕೊನೆಯಲ್ಲಿ ಪರಿಹಾರವೋ ಶಿಕ್ಷೆಯೋ ಇದೆ.

ಉಪಸಂಹಾರ

ಇದುವರೆಗಿನ ವಿವೇಚನೆಯಿಂದ ಮೂರು ಅಂಶಗಳು ಸ್ಪಷ್ಟವಾಗುತ್ತವೆ. ಒಂದು, ‘ಇನ್ಯುಯೆಂಡೋ’ ಪದದ ಇಂದಿನ ಹೀನಾರ್ಥ ಅದರ ಧಾತುವಿನಿಂದ ಬಂದುದಲ್ಲ, ನಿಂದೆಯ ದಾವೆಗಳಲ್ಲಿ ಅದು ಮಾಡಿದ ಕೆಲಸದಿಂದ ಬಂದುದು. ಎರಡು, ಆ ಪದ ಮೊದಲು ಅರ್ಥ ಹೇಳುವವನದಾಗಿತ್ತು. ಕ್ರಮೇಣ ಅರ್ಥ ಅಡಗಿಸುವವನದಾಯಿತು. ಮೂರು, ಈ ಪಲ್ಲಟದ ಉದ್ದಕ್ಕೂ ಅರ್ಥನಿರ್ಣಯದ ಅಧಿಕಾರ ಫಿರ್ಯಾದಿ, ನ್ಯಾಯಾಧೀಶ, ಸರ್ಕಾರಿ ವಕೀಲ, ಜ್ಯೂರಿ, ಸಾಮಾನ್ಯ ಓದುಗ ಹೀಗೆ ಕೈಯಿಂದ ಕೈಗೆ ಸಾಗಿದೆ. ನಿಯಮ ಅತಿ ಬಿಗಿಯಾದಾಗ ಹೋಲ್ಟ್‌ನಂಥವರಿಗೆ ಅನ್ಯಾಯವಾಯಿತು. ಅತಿ ಸಡಿಲವಾದಾಗ ಬ್ಯಾಕ್ಸ್‌ಟರ್‌ನಂಥವರಿಗೆ ಸೆರೆವಾಸವಾಯಿತು. ಓರೆಮಾತಿನಿಂದ ಮಾನ ಕಳೆದುಕೊಂಡವರ ರಕ್ಷಣೆಯೂ, ಆಡದ ಮಾತಿಗೆ ಶಿಕ್ಷೆ ಅನುಭವಿಸಬೇಕಾದವರ ರಕ್ಷಣೆಯೂ ಏಕಕಾಲದಲ್ಲಿ ಸಾಧ್ಯವಾಗಬೇಕಾದರೆ, ಟಿಪ್ಪಣಿ ವಿವರಿಸಬಹುದು, ಸೇರಿಸಬಾರದು ಎಂಬ 18ನೆಯ ಶತಮಾನದ ಆ ಎಚ್ಚರಿಕೆಯನ್ನು ಅರ್ಥನಿರ್ಣಯ ಮಾಡುವವರೆಲ್ಲರೂ ನೆನಪಿನಲ್ಲಿಡಬೇಕಾಗುತ್ತದೆ.